ಚಿಕ್ಕವೆಂಕಟಪ್ಪನ ತೋಪಿನ ಉದ್ದೇಶ

ಹಲಸೂರಿನ ಸೌದೆ ಡಿಪೋದಲ್ಲಿ ಹನ್ನೊಂದು ವರ್ಷ ತಕ್ಕಡಿಯ ಮುಂದೆ ಕೂತವನು ನಾನು, ಅಂಜನಮೂರ್ತಿ. ಮರದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಮರಕ್ಕೂ ಗೊತ್ತಿಲ್ಲ. ನನ್ನ ಕಣ್ಣು ಕಟ್ಟಿ ಮೂಗಿನ ಮುಂದೆ ಒಂದು ಸೌದೆ ಸೀಳು ಹಿಡಿಯಿರಿ. ಅದು ಯಾವ ಮರದ್ದು, ಯಾವ ಹೋಬಳಿಯದು, ಕಡಿದವನು ಆವತ್ತು ಬೆಳಿಗ್ಗೆ ಏನು ತಿಂದಿದ್ದ ಎನ್ನುವವರೆಗೆ ಹೇಳುತ್ತೇನೆ. ಸೌದೆ ಒಣಗಿದೆಯೋ ಇಲ್ಲವೋ ಎಂದು ನನ್ನನ್ನು ಕೇಳುವುದಕ್ಕೆ ದಂಡಿನ ದೊರೆಗಳ ಬಟ್ಲರುಗಳು ಸಾಲುಗಟ್ಟಿ ನಿಲ್ಲುತ್ತಿದ್ದರು. ಒಂದು ದಿನ ಆ ಸಾಲು ಹಲಸೂರು ಕೆರೆಯನ್ನು ಪೂರಾ ಸುತ್ತಿ ಮತ್ತೆ ನನ್ನ ಬೆನ್ನ ಹಿಂದಕ್ಕೇ ಬಂದಿತ್ತು. ಇದನ್ನು ಜಂಭಕ್ಕೆ ಹೇಳುತ್ತಿಲ್ಲ. ಚಿಕ್ಕವೆಂಕಟಪ್ಪನ ತೋಪಿಗೆ ಒಂದೇ ದಿನ ಮೂರು ಕಡೆಯಿಂದ ಕೊಡಲಿ ಬಂದದ್ದಕ್ಕೆ ನಾನೇ ಕಾರಣ ಎಂದು ಗರುಡಾಚಾರ್‌ಪಾಳ್ಯದಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಕಾರಣ ನಾನೇ, ಒಪ್ಪಿದೆ. ಆದರೆ ನಾನಿಲ್ಲದಿದ್ದರೆ ಆ ಊರಿಗೆ ಅಂಥ ಭಾನುವಾರ ಎಲ್ಲಿಂದ ಬರುತ್ತಿತ್ತು?

ಯುದ್ಧದ ನಾಲ್ಕನೆಯ ವರ್ಷ ಅದು. ಚಿಕ್ಕವೆಂಕಟಪ್ಪನಿಗೆ ಊರಾಚೆ ನಾಲ್ಕೆಕರೆ ತೋಪಿತ್ತು. ಅರ್ಧ ಅವನ ತಾತ ನೆಟ್ಟದ್ದು, ಅರ್ಧ ಹಕ್ಕಿಗಳು ನೆಟ್ಟದ್ದು. ಹೊಂಗೆ, ಜಾಲಿ, ಬೇವು, ನಾಲ್ಕು ಹಲಸು. ಸಾಲಿಲ್ಲ, ಶಿಸ್ತಿಲ್ಲ, ಸಂತೆಗೆ ಬಂದ ಜನರ ಹಾಗೆ ಯಾರು ಎಲ್ಲಿ ಬೇಕೋ ಅಲ್ಲಿ ನಿಂತಿದ್ದವು. ದಿನಾ ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆದವನೇ ಟವಲು ಹೆಗಲಿಗೆ ಹಾಕಿಕೊಂಡು, "ತೋಪು ನೋಡ್ಕೊಂಡ್ ಬರ್ತೀನಿ" ಎಂದು ಹೆಂಡತಿ ಯಶೋದಮ್ಮನಿಗೆ ಹೇಳಿ ಹೊರಡುತ್ತಿದ್ದ. ಮತ್ತೆ ಬರುತ್ತಿದ್ದದ್ದು ನಾಲ್ಕು ಗಂಟೆಗೆ. ಹೀಗೆ ಇಪ್ಪತ್ತೆರಡು ವರ್ಷ. ತೋಪನ್ನು ಹೆತ್ತ ಮಗುವಿನ ಹಾಗೆ ನೋಡಿಕೊಳ್ಳುತ್ತಾನೆ ಎಂದು ಊರೆಲ್ಲ ಹೊಗಳುತ್ತಿತ್ತು.

ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ಒಂದು ಸಲ ಜಾಲಿ ಸೌದೆ ನೋಡಲು ಹೋಗಿದ್ದಾಗ ತೋಪಿನೊಳಗಿಂದ ಚಿರತೆಯ ಗುರುಗುಟ್ಟು ಕೇಳಿಸಿತು. ಧೈರ್ಯವಾಗಿ ಮರ ಹತ್ತಿ ಕೂತು ನೋಡಿದರೆ, ತೋಪಿನ ನಡುಮಧ್ಯದ ಸೊಟ್ಟ ಹೊಂಗೆಯ ಕೆಳಗೆ ಚಿಕ್ಕವೆಂಕಟಪ್ಪ ಗೊರಕೆ ಹೊಡೆಯುತ್ತಿದ್ದ. ಆ ಮರ ಆಳೆತ್ತರ ಹೋಗಿ ಪಕ್ಕಕ್ಕೆ ಬಾಗಿ, ಆಮೇಲೆ ಮೇಲಕ್ಕೆ ಎದ್ದಿತ್ತು. ಹೀಗಾಗಿ ಅದರ ನೆರಳು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದೇ ಕಡೆ ಮಂಚದ ಹಾಗೆ ಬಿದ್ದಿರುತ್ತಿತ್ತು. ಅದರ ಒಂದು ಬೇರು ದಿಂಬಿನಷ್ಟೇ ಎತ್ತರಕ್ಕೆ ಉಬ್ಬಿಕೊಂಡಿತ್ತು. ಇಪ್ಪತ್ತೆರಡು ವರ್ಷದ ತಲೆಗೆ ಸವೆದು ಆ ಬೇರಿನಲ್ಲಿ ಕಿವಿಯ ಅಚ್ಚು ಕೂಡ ಮೂಡಿತ್ತು.

"ಯಾರ್ಗೂ ಹೇಳ್ಬೇಡ ಕಣೋ" ಎಂದು ಅವನು ನನ್ನ ಕೈ ಹಿಡಿದುಕೊಂಡ. "ತಾತನ ಆಸ್ತಿ ಕಾಯ್ತಾನೆ ಅಂದ್ಕೊಂಡವ್ರೆ. ಮಲಗ್ತಾನೆ ಅಂತ ಗೊತ್ತಾದ್ರೆ ಊರಲ್ಲಿ ತಲೆ ಎತ್ಕೊಂಡ್ ಓಡಾಡಕ್ಕಾಯ್ತದಾ?"

ನಾನು ತಕ್ಕಡಿಯ ಮೇಲೆ ಆಣೆ ಇಟ್ಟೆ. ನನ್ನ ತಕ್ಕಡಿ ಅಂಥದ್ದು, ಆಣೆಯನ್ನೂ ತೂಗುತ್ತದೆ.

ಚಿಕ್ಕವೆಂಕಟಪ್ಪನಿಗೆ ಎರಡು ದೌರ್ಬಲ್ಯ. ಎದುರಿಗಿದ್ದವರಿಗೆ ಇಲ್ಲ ಎನ್ನಲಾರ. ಯಾರು ಏನು ಕೇಳಿದರೂ "ಆಗ್ಲಿ". ಎರಡನೆಯದು ಸೊಂಟದಲ್ಲಿನ ಎಲೆ ಅಡಿಕೆ ಸಂಚಿ. ಮಾತಾಡಿಸಿದವರನ್ನು ಎಲೆ ಅಡಿಕೆ ಕೊಡದೆ ಕಳಿಸಬೇಡ, ಒಂಟಿ ಕೈಯಲ್ಲಿ ಕೊಡಬೇಡ ಎಂದು ಅವನ ತಾಯಿ ಸಾಯುವಾಗ ಹೇಳಿ ಹೋಗಿದ್ದಳಂತೆ. ಬೇರೆ ಹೊತ್ತಿನಲ್ಲಿ ಅದು ಬರೀ ಮರ್ಯಾದೆ. ಆದರೆ ನಮ್ಮ ಕಡೆ ಮರದ ಮಾತಾಡಿದ ಮೇಲೆ ಯಜಮಾನ ಎರಡೂ ಕೈಯಲ್ಲಿ ಎಲೆ ಅಡಿಕೆ ಕೊಟ್ಟನೆಂದರೆ ಮಾತು ಮುಗಿಯಿತು, ಮರ ಅವರದಾಯಿತು. ಕಾಗದ ಬೇಡ, ಸಾಕ್ಷಿ ಬೇಡ. ಇದು ಅವನಿಗೂ ಗೊತ್ತು. ಕೈಗೆ ಮಾತ್ರ ನೆನಪಿರುತ್ತಿರಲಿಲ್ಲ.

ಒಂದು ಸೋಮವಾರ ಅವನು ಗಾಡಿಯಲ್ಲಿ ಪುಳ್ಳೆ ಸೌದೆ ತಂದು ಡಿಪೋದಲ್ಲಿ ಇಳಿಸುತ್ತಿದ್ದ. ಪಕ್ಕದ ಟೀ ಅಂಗಡಿಯಲ್ಲಿ ರೇಂಜರ್ ಸಂಜೀವಪ್ಪನವರು ಕೂತಿದ್ದರು. ಕಾಡಿನಲ್ಲಿ ಮೂವತ್ತು ವರ್ಷ ಕಳೆದು ಪಿಂಚಣಿ ತೆಗೆದುಕೊಂಡು ಹಲಸೂರಿಗೆ ಬಂದವರು. ಇಲ್ಲಿ ನೋಡಿಕೊಳ್ಳಲು ಕಾಡು ಸಿಗದೆ, ಬೀದಿಯ ಲೈಟು ಕಂಬಗಳ ಸುತ್ತಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಸ್ಥಿತಿಗೆ ಇಳಿದಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಸಾಹೇಬ್ರೇ, ಕಂಬ ಬಿಡಿ. ನಮ್ ಚಿಕ್ಕವೆಂಕಟಪ್ಪನ ತೋಪಿದೆ, ನಾನೂರು ಎಕರೆ."

"ನಾಲ್ಕು" ಎಂದ ಚಿಕ್ಕವೆಂಕಟಪ್ಪ.

ರೇಂಜರ್ ಸಾಹೇಬರು ಟೀ ಲೋಟ ಹಿಡಿದುಕೊಂಡೇ ಎದ್ದು ಬಂದರು. "ಎಷ್ಟು ಮರ ಇದೆ?"

"ಇದಾವೆ ಸ್ವಾಮಿ."

"ಎಷ್ಟು?"

"ಸುಮಾರಾಗೇ ಇದಾವೆ."

"ಹೋಗ್ಲಿ, ಉದ್ದೇಶ ಏನು?"

"ಯಾರ್ದು?"

"ತೋಪಿಂದು ಕಣ್ರೀ. ಯಜಮಾನನ ಉದ್ದೇಶ ಮೊದಲು, ಕೊಡಲಿ ಆಮೇಲೆ. ತೊಲೆ ಬೇಕೋ, ಅದಕ್ಕೊಂದು ರೀತಿ. ಸೌದೆ ಬೇಕೋ, ಇನ್ನೊಂದು ರೀತಿ. ಗದ್ದೆಗೆ ಸೊಪ್ಪು ಬೇಕೋ, ಬೇರೆಯದೇ ರೀತಿ. ಉದ್ದೇಶ ಹೇಳ್ದೆ ತೋಪು ಇಟ್ಕೊಳ್ಳೋದು, ಯಾವೂರಿಗೆ ಅಂತ ಹೇಳ್ದೆ ಟಿಕೇಟ್ ಕೇಳಿದ ಹಾಗೆ."

ಟೀ ಅಂಗಡಿಯ ಒಂಬತ್ತು ಮಂದಿ, ಎರಡು ಗಾಡಿಯ ಎತ್ತುಗಳು, ಎಲ್ಲರೂ ಚಿಕ್ಕವೆಂಕಟಪ್ಪನ ಬಾಯಿಯನ್ನೇ ನೋಡಿದರು. ಅವನು ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ನಿದ್ದೆ ಎಂದು ಹೇಳುವ ಹಾಗಿಲ್ಲ.

"ತೊಲೆ" ಎಂದುಬಿಟ್ಟ ಅವನು. "ದೊಡ್ಡ ದೊಡ್ಡ ತೊಲೆ ಸ್ವಾಮಿ."

ಸಾಹೇಬರ ಮುಖದಲ್ಲಿ ಇಡೀ ಒಂದು ಅರಣ್ಯ ಚಿಗುರಿತು. "ಭೇಷ್. ಮೂವತ್ತು ವರ್ಷದ ಯೋಜನೆ ಹಾಕೋಣ. ನೆಟ್ಟಗಿರೋ ಮರ ಉಳಿಸ್ಬೇಕು, ಅದರ ಬೆಳಕು ನೀರು ಕಿತ್ಕೊಳ್ಳೋ ಸೊಟ್ಟ ಮರಾನೆಲ್ಲ ತೆಗೀಬೇಕು. ನಿಮ್ಮ ತೋಪಲ್ಲಿ ಎಲ್ಲಕ್ಕಿಂತ ಸೊಟ್ಟಗಿರೋದು ಯಾವುದು?"

"ನಡುವೆ ಒಂದು ಹೊಂಗೆ ಇದೆ ಸಾಹೇಬ್ರೇ" ಎಂದು ನಾನೇ ಹೇಳಿದೆ. ಸೌದೆಯವನು ಸುಳ್ಳು ಹೇಳಬಾರದು.

"ಅದು ಮೊದಲು ಹೋಗ್ಬೇಕು. ಭಾನುವಾರ ಆಳುಗಳನ್ನ ಕರ್ಕೊಂಡು ನಾನೇ ಬರ್ತೀನಿ."

ಚಿಕ್ಕವೆಂಕಟಪ್ಪನ ಕೈ ತಾನಾಗಿ ಸಂಚಿಗೆ ಹೋಗಿ, ಎರಡು ಎಲೆ ಒಂದು ಅಡಿಕೆ ತೆಗೆದು, ಎರಡೂ ಕೈ ಸೇರಿಸಿ ಸಾಹೇಬರ ಮುಂದೆ ಚಾಚಿತು. ಸಾಹೇಬರು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ಮರುದಿನ ಅವನು ಗಾಡಿ ಹೂಡದೆ ಬೆಳಿಗ್ಗೆಯೇ ಡಿಪೋಗೆ ಬಂದು, "ಅವರ ಹತ್ರ ಹೋಗಿ ಬೇಡ ಅಂದ್ಬಿಡು ಗುರು" ಎಂದ. ಬೇಡ ಎಂದು ಅವನೇ ಹೇಳಲಾರ. ನಾನು ಹೇಳಬಲ್ಲೆ, ಆದರೆ ಮಜಾ ಹಾಳಾಗುತ್ತದೆ. ಬಾ, ದಾರಿಯಲ್ಲಿ ಯೋಚಿಸೋಣ ಎಂದು ಅವನ ಜೊತೆ ಕೆ.ಆರ್. ಪುರದ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಹಂಡೆಯಂಥದ್ದೊಂದು ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಬೈಯಪ್ಪನಹಳ್ಳಿ ಏರಿನಲ್ಲಿ ಅದು ಎಂದಿನಂತೆ ಉಸಿರು ಬಿಟ್ಟು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದೆವು. ನಾನೊಬ್ಬನೇ ತಳ್ಳಿದ್ದು ಎಂದರೂ ತಪ್ಪಿಲ್ಲ. ಆಗ ಇದ್ದಿಲು ಮೂಟೆ ಹೊತ್ತು ಏರು ಹತ್ತಿ ಬಂದವನು ಚಲುವಯ್ಯ. ಬಸ್ಸುಗಳಿಗೆ ಇದ್ದಿಲು ಸರಬರಾಜು ಮಾಡುವವನು. ಯಶೋದಮ್ಮನ ಸ್ವಂತ ತಮ್ಮ.

"ಏನ್ ಬಾವ, ಮುಖ ಸಪ್ಪಗೈತೆ?"

"ತೋಪಿಗೆ ಉದ್ದೇಶ ಹುಡುಕ್ತಾವ್ನೆ" ಎಂದೆ ನಾನು.

ಚಲುವಯ್ಯ ಮೂಟೆ ಕೆಳಗೆ ಹಾಕಿದ. "ಹುಡುಕೋದೇನು ಬಾವ, ಕಣ್ ಮುಂದೆ ನಿಂತೈತಲ್ಲ. ಇದ್ದಿಲು. ಇಡೀ ತೋಪು ಮೊಳಕಾಲೆತ್ತರಕ್ಕೆ ಕಡಿದಾಕ್ಬಿಡಿ. ಹೊಂಗೆ ಬುಡದಿಂದ ಮತ್ತೆ ಚಿಗುರ್ತದೆ. ನಾಲ್ಕೈದು ವರ್ಷಕ್ಕೆ ಮತ್ತೆ ಕಡಿಯೋದು. ತೊಲೆ ಅಂತ ಮೂವತ್ತು ವರ್ಷ ಯಾರ್ ಕಾಯ್ತಾರೆ? ಈ ಭಾನುವಾರಾನೇ ಆ ನಡುವಿನ ಸೊಟ್ಟ ಹೊಂಗೆಯಿಂದ ಶುರು ಮಾಡೋಣ. ಅದು ಹೋದ್ರೆ ಇದ್ದಿಲು ಗುಂಡಿ ತೋಡಕ್ಕೆ ಜಾಗ ಆಯ್ತದೆ."

"ಅದೊಂದು ಮರ..." ಎಂದು ಚಿಕ್ಕವೆಂಕಟಪ್ಪ ಶುರು ಮಾಡಿದ.

ಕಂಡಕ್ಟರು ಕೈ ಮುಗಿದ. "ಒಪ್ಕೊಳ್ಳಿ ಯಜಮಾನ್ರೇ. ನಿಮ್ಮ ಮರ ಇಲ್ದೆ ನನ್ನ ಬಸ್ಸು ದಿನಾ ಇಲ್ಲೇ ನಿಲ್ತಾ ಇದೆ."

ತಳ್ಳಲು ಇಳಿದವರು ತಿರುಗಿ, ಒಳಗಿದ್ದ ಹೆಂಗಸರು ಕಿಟಕಿಯಿಂದ ತಲೆ ಹಾಕಿ, ಮೂವತ್ತೈದು ಜನರೂ ಅವನನ್ನು ನೋಡಿದರು. ಒಬ್ಬಳು ಹಣ್ಣು ಹಣ್ಣು ಮುದುಕಿ, "ಒಪ್ಕೊಳಪ್ಪ, ನಾನು ಸಾಯೋದ್ರೊಳಗೆ ಮಗಳ ಮನೆ ಸೇರ್ಕೊಬೇಕು" ಎಂದಳು. ಅದನ್ನು ಕೇಳಿ ಇಲ್ಲವೆನ್ನಲು ಕಲ್ಲೆದೆ ಬೇಕು. ಇವನದು ಬೆಣ್ಣೆ.

"ಆಗ್ಲಿ" ಎಂದ. ಮತ್ತೆ ಸಂಚಿ, ಮತ್ತೆ ಎರಡೂ ಕೈ. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಆ ಸದ್ದಿಗೇ ಇಂಜಿನ್ನು ಹತ್ತಿಕೊಂಡಿತು.

ಶುಕ್ರವಾರದ ಹೊತ್ತಿಗೆ ಅವನು ಅರ್ಧ ಇಳಿದುಹೋಗಿದ್ದ. ಮಧ್ಯಾಹ್ನ ಮಲಗಿದರೂ ನಿದ್ದೆ ಬಾರದು, ತಲೆಯ ಮೇಲೆ ಕೊಡಲಿ ಬಿದ್ದ ಹಾಗಾಗುತ್ತದೆ ಎಂದ. "ಬೇರೆ ಮರ ಎಲ್ಲಾ ಹೋಗ್ಲಿ ಅಂಜನಮೂರ್ತಿ. ಅದೊಂದು ಉಳಿಸ್ಕೊಡು."

ಇಷ್ಟರಲ್ಲಿ ನನ್ನ ತಲೆಯಲ್ಲಿ ಯೋಜನೆ ಸಿದ್ಧವಾಗಿತ್ತು. ಸೇನಾಪತಿಗಳಿಗೆ ಹೊಳೆಯುವಂಥದ್ದು. ಒಬ್ಬನಿಗೆ ಸೊಟ್ಟ ಮರ ಹೋಗಬೇಕು, ಇನ್ನೊಬ್ಬನಿಗೆ ಎಲ್ಲ ಮರವೂ ಹೋಗಬೇಕು. ಒಂದೇ ಒಂದು ಮರ ಸಾಕೆನ್ನುವ ಮೂರನೆಯವನನ್ನು ನಡುವೆ ಬಿಟ್ಟರೆ ಮೂವರೂ ಜಗಳವಾಡಿಕೊಳ್ಳುತ್ತಾರೆ, ತೋಪು ತಾನಾಗಿ ಉಳಿಯುತ್ತದೆ. ಅವನನ್ನು ಕರೆದುಕೊಂಡು ಕಮರ್ಷಿಯಲ್ ಸ್ಟ್ರೀಟ್ ದಾಟಿ ಶಿವಾಜಿನಗರದ ಶೌಕತ್ ಸಾಹೇಬರ ಜಟಕಾ ಕಾರ್ಖಾನೆಗೆ ಹೋದೆ. ಅವರು ಮಾಡಿದ ಜಟಕಾ ಎಷ್ಟು ಹಗುರ ಎಂದರೆ ಕುದುರೆ ಬಿಚ್ಚಿದ ಮೇಲೂ ಒಂದು ಫರ್ಲಾಂಗು ಹೋಗುತ್ತದೆ.

ಶೌಕತ್ ಸಾಹೇಬರು ಉಳಿ ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. "ಕ್ಯಾ ಭಾಯ್, ಇಡೀ ತೋಪು ಕಡೀತಾರಾ? ಪಾಪ ಅಲ್ಲವಾ? ನಂಗೆ ಅದೆಲ್ಲ ನಕೋ. ಒಂದೇ ಒಂದು ಮರ ಸಾಕು. ಆರಿಸಿ ತಗೋಬೇಕು, ಬಾಕಿದು ಅಲ್ಲಾ ಇಟ್ಟಂಗೆ ಇರ್ಲಿ."

"ಒಂದೇ?" ಎಂದ ಚಿಕ್ಕವೆಂಕಟಪ್ಪ. ಅವನ ಕಣ್ಣಲ್ಲಿ ನೀರು ಬಂತು. ಮರದ ಮಾತನಾಡುವವರಲ್ಲಿ ಮನುಷ್ಯತ್ವ ಇರುವವರೂ ಇದ್ದಾರಲ್ಲ ಎಂಬ ಸಂತೋಷಕ್ಕೆ ಅವನು ಯಾವ ಮರ ಎಂದು ಕೇಳಲೇ ಇಲ್ಲ. ಎಲೆ ಅಡಿಕೆ ಎರಡೂ ಕೈಯಲ್ಲಿ ಕೊಟ್ಟ ಮೇಲೆ ಕೇಳಿದ.

ಶೌಕತ್ ಸಾಹೇಬರು ಎಲೆ ಅಡಿಕೆಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡು, ಕುದುರೆಯ ಪಕ್ಕೆಗೆ ಬರುವ ಮರದ ಬಾಗು ಹೇಗಿರಬೇಕೆಂದು ನೆಲದ ಹೊಟ್ಟಿನ ಮೇಲೆ ಬೆರಳಿನಿಂದ ಬರೆದರು. "ಕಾಯಿಸಿ ಬಗ್ಗಿಸಿದ್ದಲ್ಲ, ತಾನೇ ಬಗ್ಗಿ ಬೆಳೆದಿರ್ಬೇಕು. ಆಳೆತ್ತರ ನೆಟ್ಟಗೆ, ಆಮೇಲೆ ಪಕ್ಕಕ್ಕೆ, ಆಮೇಲೆ ಮೇಲಕ್ಕೆ. ಹೊಂಗೆ ಆದ್ರೆ ಇನ್ನೂ ಚೆಂದ. ಇಪ್ಪತ್ತು ವರ್ಷದಿಂದ ಹುಡುಕ್ತಾ ಇದೀನಿ. ಭಾನುವಾರ ಗರಗಸ ತಗೊಂಡು ಬರ್ತೀನಿ."

ಚಿಕ್ಕವೆಂಕಟಪ್ಪ ಹೊಟ್ಟಿನ ಮೇಲೆ ಕೂತುಬಿಟ್ಟ.

ಅರಣ್ಯಶಾಸ್ತ್ರದಲ್ಲಿ ಮೂರು ರೀತಿ ಇದ್ದರೆ ಮೂರೂ ಒಂದಕ್ಕೊಂದು ಒಪ್ಪುವುದಿಲ್ಲ. ಈ ಒಂದು ಮರದ ವಿಷಯದಲ್ಲಿ ಮೂರೂ ಒಪ್ಪಿದ್ದವು. ಆ ಮಟ್ಟಿಗೆ ನನ್ನದು ಶಾಸ್ತ್ರಕ್ಕೆ ದೊಡ್ಡ ಸೇವೆಯೇ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗರುಡಾಚಾರ್‌ಪಾಳ್ಯಕ್ಕೆ ಮೊದಲು ಬಂದವರು ರೇಂಜರ್ ಸಾಹೇಬರು, ಖಾಕಿ ಟೊಪ್ಪಿ, ನೋಟ್‌ಬುಕ್ಕು, ಸುಣ್ಣದ ಡಬ್ಬಿ, ಇಬ್ಬರು ಆಳುಗಳ ಸಮೇತ. ಬಂದವರೇ ಉಳಿಯಬೇಕಾದ ಮರಗಳಿಗೆಲ್ಲ ಸುಣ್ಣದ ಪಟ್ಟೆ ಬಳಿಯುತ್ತ ಹೊರಟರು. ಬೆನ್ನ ಹಿಂದೆಯೇ ಚಲುವಯ್ಯ ನಾಲ್ಕು ಕೊಡಲಿಯವರನ್ನು ಕರೆತಂದ. ಆಮೇಲೆ ಶೌಕತ್ ಸಾಹೇಬರು ಗರಗಸ ಹೊತ್ತ ತಮ್ಮ ಮೇಸ್ತ್ರಿ ಖಾದರನೊಂದಿಗೆ ಜಟಕಾದಿಂದ ಇಳಿದರು. ದೊಡ್ಡ ಮಂದಿ ಬಂದಿದ್ದಾರೆಂದು ಊರಿಗೂರೇ ಬಂತು. ಮಿಲಿಟರಿಯವರು ತೋಪಿನಲ್ಲಿ ವಿಮಾನ ಇಳಿಸುತ್ತಾರೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಮಹದೇವಪುರದಿಂದಲೂ ಬಂದರು. ಯಾರು ಹಬ್ಬಿಸಿದರು ಎನ್ನುವುದು ಈಗ ಮುಖ್ಯವಲ್ಲ. ನಾಲ್ಕು ಸಾವಿರ ಜನ ಇದ್ದರು. ನಲವತ್ತು ಎನ್ನುವವರು ಮರಗಳ ಹಿಂದೆ ನಿಂತವರನ್ನು ಎಣಿಸಿಲ್ಲ.

ಮೂವರೂ ಸೊಟ್ಟ ಹೊಂಗೆಯ ಬುಡದಲ್ಲಿ ಸಂಧಿಸಿದರು.

"ಯಾರಪ್ಪ ನೀನು? ನಾನು ಪಟ್ಟೆ ಬಳಿದ ಬೇವಿಗೆ ಕೊಡಲಿ ಒರಗಿಸಿದ್ದೀಯ" ಎಂದರು ರೇಂಜರ್ ಸಾಹೇಬರು.

"ಇದು ನಮ್ ಬಾವನ ತೋಪು ಸಾಮಿ. ಎಲೆ ಅಡಿಕೆ ಕೊಟ್ಟವ್ರೆ" ಎಂದ ಚಲುವಯ್ಯ.

"ನನಗೂ ಕೊಟ್ಟಿದ್ದಾರೆ."

"ನಂದು ಇನ್ನೂ ಟೋಪೀಲೇ ಇದೆ ನೋಡಿ" ಎಂದು ಶೌಕತ್ ಸಾಹೇಬರು ತೆಗೆದು ತೋರಿಸಿದರು. ರೇಂಜರ್ ಸಾಹೇಬರು ನೋಟ್‌ಬುಕ್ಕಿನ ನಡುವೆ ಒಣಗಿಸಿ ಇಟ್ಟುಕೊಂಡಿದ್ದನ್ನು ತೆಗೆದರು. ಚಲುವಯ್ಯ ಅಗಿದು ನುಂಗಿದ್ದರಿಂದ ನಾಲಿಗೆ ಚಾಚಿದ.

ಎಲ್ಲರೂ ಯಜಮಾನನ ಕಡೆ ತಿರುಗಿದರು. ಚಿಕ್ಕವೆಂಕಟಪ್ಪ ಸೊಟ್ಟ ಹೊಂಗೆಗೆ ಬೆನ್ನು ಕೊಟ್ಟು, ಟವಲನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಖಾದರ್ ಆಗಲೇ ಗರಗಸದ ಒಂದು ತುದಿಯನ್ನು ಬುಡಕ್ಕೆ ಇಟ್ಟಿದ್ದ. ಚಲುವಯ್ಯನ ಆಳು ಕೈಗೆ ಉಗುಳಿಕೊಂಡು ಕೊಡಲಿ ಎತ್ತಿದ. ಮರ ಹೇಗೂ ಹೋಗಬೇಕಾದ್ದೇ. ಯಾರ ಕೈಯಲ್ಲಿ ಹೋಗಬೇಕು ಎನ್ನುವುದಷ್ಟೇ ಬಾಕಿ.

"ಒಂದೇ ಮಾತು ಹೇಳಿ ಚಿಕ್ಕವೆಂಕಟಪ್ಪನೋರೇ" ಎಂದು ರೇಂಜರ್ ಸಾಹೇಬರು ಪೆನ್ಸಿಲು ತೆಗೆದರು. "ತೊಲೆಯೋ, ಇದ್ದಿಲೋ, ಜಟಕಾನೋ? ನಿಮ್ಮ ಉದ್ದೇಶ ಏನು?"

ಮೂರು ಜನಕ್ಕೆ ಆಗಲಿ ಎಂದವನಿಗೆ ಒಬ್ಬರಿಗಾದರೂ ಇಲ್ಲ ಎನ್ನಲೇಬೇಕಾದ ಗಳಿಗೆ. ಅವನ ಕೈ ಅಭ್ಯಾಸದಂತೆ ಸಂಚಿಗೆ ಹೋಯಿತು. ಅದನ್ನು ಇನ್ನೊಂದು ಕೈ ಹಿಡಿದುಕೊಂಡಿತು.

"ಮಲಗ್ತೀನಿ ಸ್ವಾಮಿ" ಎಂದ.

"ಏನು?"

"ದಿನಾ ಇಲ್ಲಿ ಮಲಗ್ತೀನಿ. ಈ ಬೇರಿನ ಮೇಲೆ ತಲೆ ಇಟ್ಕೊಂಡು. ಇನ್ನೇನೂ ಇಲ್ಲ. ತೋಪು ನೋಡ್ಕೊಳ್ಳೋದೂ ಇಲ್ಲ, ಏನೂ ಇಲ್ಲ. ಇದೇ ನನ್ನ ಉದ್ದೇಶ."

ಮೊದಲು ಪಕ್ಕದ ಮನೆಯ ಮುನಿಆಂಜನಪ್ಪ ನಕ್ಕ, ಅದರ ಹಿಂದೆ ಊರು ನಕ್ಕಿತು. ನಾನು ನಗಲಿಲ್ಲ, ಬರೀ ಬಿದ್ದು ಹೊರಳಾಡಿದೆ. ಚಿಕ್ಕವೆಂಕಟಪ್ಪ ಟವಲಿನಿಂದ ಮುಖ ಮುಚ್ಚಿಕೊಂಡ.

"ನಿದ್ದೆಗೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ" ಎಂದರು ರೇಂಜರ್ ಸಾಹೇಬರು, ಬೇಸರದಿಂದ.

ಚಲುವಯ್ಯ ಬಾವನ ಹೆಗಲ ಮೇಲೆ ಕೈ ಹಾಕಿದ. "ಅಷ್ಟಕ್ಕೆ ನಾಲ್ಕೆಕರೆ ಯಾಕ್ ಬಾವ? ನಾಳೆಯಿಂದ ಮನೇಲೇ ಮಲಗಿ. ಜಗುಲಿ ಐತೆ, ಚಾಪೆ ಐತೆ. ಹೊಡೀರೋ ಕೊಡಲಿ."

"ಯಾರೋ ಅದು ಮನೇಲಿ ಮಲಗು ಅಂದಿದ್ದು?"

ಜನ ತಾವಾಗಿ ಎರಡು ಪಾಲಾಗಿ ದಾರಿ ಬಿಟ್ಟರು. ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬರುತ್ತಿದ್ದಳು, ಕೈಯಲ್ಲಿ ಸೊಪ್ಪು ಕೊಯ್ಯುತ್ತಿದ್ದ ಕುಡುಗೋಲು. ಚಲುವಯ್ಯನ ಆಳು ಎತ್ತಿದ ಕೊಡಲಿಯನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡ.

"ಅಕ್ಕ, ನಾನು ಅಂದಿದ್ದು ಏನಂದ್ರೆ..."

"ನೀನು ಸುಮ್ನಿರೋ. ಇಪ್ಪತ್ತೆರಡು ವರ್ಷದಿಂದ ಇವ್ರು ಇಲ್ಲಿ ಮಲಗ್ತಾರೆ ಅಂತ ನಂಗೊತ್ತಿಲ್ವಾ? ದಿನಾ ಕೆನ್ನೆ ಮೇಲೆ ಬೇರಿನ ಗುರ್ತು ಹೊತ್ಕೊಂಡ್ ಬರ್ತಾರೆ. ಮದುವೆ ಆದ ಹೊಸದ್ರಲ್ಲಿ ಒಂದು ತಿಂಗಳು ಮನೇಲೇ ಮಲಗಿದ್ರು. ನೀರು ತಾ, ಸುಣ್ಣ ತಾ, ನೊಣ ಓಡ್ಸು, ಬಾಗಿಲು ಕಿರುಗುಟ್ತು, ಯಾರದು ಅಲ್ಲಿ ನಗ್ತಿರೋದು. ಆಮೇಲೆ ಆ ದೇವ್ರು ಕಣ್ಣು ಬಿಟ್ಟು ಈ ಮರ ತೋರಿಸ್ದ. ಎರಡರಿಂದ ನಾಲ್ಕರವರೆಗೆ ಆ ಮನೆ ನಂದು. ನಾನು ತಲೆ ಬಾಚ್ಕೋತೀನಿ, ಚೌಕಾಬಾರ ಆಡ್ತೀನಿ, ಸುಮ್ನೆ ಗೋಡೆ ನೋಡ್ಕೊಂಡ್ ಕೂತ್ಕೋತೀನಿ. ಈ ಮರಕ್ಕೆ ಕೊಡಲಿ ಬಿತ್ತು ಅಂದ್ರೆ, ಚಲುವ, ನಿಮ್ ಬಾವನ್ನ ಗಂಟು ಮೂಟೆ ಕಟ್ಟಿ ನಿಮ್ಮನೇಗೆ ಕಳಿಸ್ತೀನಿ. ಮಧ್ಯಾಹ್ನ ನಿನ್ ಹೆಂಡ್ತಿ ನೊಣ ಓಡಿಸ್ಲಿ."

ಚಲುವಯ್ಯ ಹೆಂಡತಿಯನ್ನು ನೆನೆದ. ಬಾಗಿ ಕೊಡಲಿಗಳನ್ನು ತಾನೇ ಒಟ್ಟುಗೂಡಿಸತೊಡಗಿದ.

ರೇಂಜರ್ ಸಾಹೇಬರು ಮಾತ್ರ ಸಂತೋಷಕ್ಕೆ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡರು. "ಸಿಕ್ತು" ಎಂದರು. "ಮೂವತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ಉದ್ದೇಶ ಹೇಳಿದ ಯಜಮಾನರನ್ನ ನಾನು ಕಂಡಿಲ್ಲ." ನೋಟ್‌ಬುಕ್ಕಿನಲ್ಲಿ ಹೊಸ ಕಾಲಮ್ಮು ಗೆರೆ ಎಳೆದು ದೊಡ್ಡದಾಗಿ ಓದುತ್ತ ಬರೆದರು: "ಉದ್ದೇಶ, ಯಜಮಾನಿಯ ವಿಶ್ರಾಂತಿ. ರೀತಿ, ನೆರಳಿನ ಮರ ಮುಟ್ಟಕೂಡದು. ಬಾಕಿ ಹೊಂಗೆಗಳ ಕೆಳಕೊಂಬೆ ಮಾತ್ರ ವರ್ಷಕ್ಕೊಮ್ಮೆ ಸವರಿ ಇದ್ದಿಲಿಗೆ ಕೊಡುವುದು. ಜಟಕಾಕ್ಕೆ, ಈಶಾನ್ಯ ಮೂಲೆಯ ಬಗ್ಗಿದ ಜಾಲಿ ಒಂದು."

ಶೌಕತ್ ಸಾಹೇಬರು ಆ ಜಾಲಿಯ ಸುತ್ತ ಮೂರು ಸುತ್ತು ಬಂದು, ಸವರಿ ನೋಡಿ, "ಬಾಗು ಸ್ವಲ್ಪ ಕಮ್ಮಿ. ಕುದುರೆಗೆ ಹೇಳ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳುತ್ತೆ" ಎಂದು ಒಪ್ಪಿಕೊಂಡರು. ಟೋಪಿಯ ಎಲೆ ಅಡಿಕೆಯನ್ನು ಆಮೇಲೆಯೇ ಬಾಯಿಗೆ ಹಾಕಿಕೊಂಡರು.

ಅಷ್ಟಾದಾಗ ಗುಂಪಿನಲ್ಲಿ ಮುನಿವೆಂಕಟಮ್ಮ ತನ್ನ ಗಂಡ ಮುನಿಆಂಜನಪ್ಪನ ಕಡೆ ತಿರುಗಿ, "ನಗ್ತಿದ್ದೆಯಲ್ಲ, ನಾಳೆಯಿಂದ ನೀನೂ ತೋಪು ನೋಡ್ಕೊಂಡ್ ಬಾ" ಎಂದಳು. ಆ ಮಾತು ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಕಾಡುಕಿಚ್ಚಿನ ಹಾಗೆ ಹಬ್ಬಿತು. ಕಾಡುಕಿಚ್ಚನ್ನು ನಾನು ಕಂಡವನು, ಇದರ ಮುಂದೆ ಅದು ಬೀಡಿ ಬೆಂಕಿ.

ಮುಂದಿನ ಭಾನುವಾರ ಯೋಜನೆ ಹೇಗೆ ನಡೆದಿದೆ ಎಂದು ಪರೀಕ್ಷಿಸಲು ನಾನು ಊಟ ಮುಗಿಸಿ ತೋಪಿಗೆ ಹೋದೆ. ಮರಕ್ಕೊಬ್ಬ ಗಂಡಸು ಮಲಗಿದ್ದ. ಹಲಸಿಗೆ ಇಬ್ಬರು. ಬೇವಿನ ಕೆಳಗೆ ರೇಂಜರ್ ಸಾಹೇಬರು ಟೊಪ್ಪಿ ಮುಖದ ಮೇಲೆ ಮುಚ್ಚಿಕೊಂಡು ತಪಾಸಣೆ ನಡೆಸುತ್ತಿದ್ದರು. ಗೊರಕೆಯ ಸದ್ದಿಗೆ ಗಿಳಿಗಳೆಲ್ಲ ಹೊಸಕೋಟೆಗೆ ಹೊರಟುಹೋಗಿದ್ದವು. ಚಿಕ್ಕವೆಂಕಟಪ್ಪ ಬರುವುದು ತಡವಾಯಿತು. ಬಂದವನು ಟವಲು ಹೆಗಲಲ್ಲಿಟ್ಟುಕೊಂಡು ಎರಡು ಸುತ್ತು ಹಾಕಿದ. ಅವನ ಬೇರಿನ ಮೇಲೆ ಆಗಲೇ ಒಂದು ತಲೆ ಇತ್ತು. ಎಬ್ಬಿಸಲು ನಾಲಿಗೆ ಬರಲಿಲ್ಲ. ತಿರುಗಿ ಮನೆಗೆ ಹೋದ.

ಮನೆಯಲ್ಲಿ ಆರು ಜನ ಹೆಂಗಸರು ಚೌಕಾಬಾರದ ಮುಂದೆ ಕೂತಿದ್ದರಂತೆ. ಯಶೋದಮ್ಮ ಕವಡೆಗಳನ್ನು ಮುಷ್ಟಿಯಲ್ಲಿ ಕುಲುಕುತ್ತ ತಲೆ ಎತ್ತಿದಳು.

"ತೋಪು ನೋಡ್ಕೊಂಡ್ ಬಂದ್ರಾ?"

"ನೋಡ್ದೆ."

"ಸರ್ಯಾಗಿ ನೋಡಿಲ್ಲ. ಇನ್ನೊಂದ್ಸಲ ನೋಡ್ಕೊಂಡ್ ಬನ್ನಿ."

ಅವನು ಮತ್ತೆ ತೋಪಿಗೆ ಬಂದು, ಸೊಟ್ಟ ಹೊಂಗೆಯ ಕೆಳಗೆ ನಿಂತು, "ಏಳೋ ಅಂಜನಮೂರ್ತಿ, ಅದು ನನ್ನ ಜಾಗ" ಎಂದ. ಏಳಬೇಕೆಂದೇ ಇತ್ತು. ಆದರೆ ಉದ್ದೇಶ ಎಂದು ಒಂದು ಸಲ ಬರೆದ ಮೇಲೆ ಅದನ್ನು ಕೆಡಿಸಬಾರದೆಂದು, ಕಣ್ಣು ಬಿಡದೆ, ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಹೊಡೆಯದಷ್ಟು ದೊಡ್ಡದೊಂದು ಗೊರಕೆ ಹೊಡೆದೆ.